ಕಳ್ಳಿಯ ಮೇಲಿನ ಬಿಳಿಯ ಅರಳೆ

ಲಿಂಗಸುಗೂರಿನಿಂದ ಮಸ್ಕಿಗೆ ಹೋಗುವ ದಾರಿಯ ಎರಡು ಬದಿಗಳಲ್ಲಿಯೂ ಕಣ್ಣಿಗೆ ಬೀಳುವುದು ಬಹುಮಟ್ಟಿಗೆ ಕಲ್ಲು. ದೈತ್ಯರ ಮಕ್ಕಳು ಆಡಿ ಬಿಟ್ಟುಹೋದಂತೆ ಒಂದರ ಮೇಲೊಂದು ಕುಳಿತಿರುವ ಗುಂಡುಗಳು. ಅವುಗಳ ಬುಡದಲ್ಲಿ ಕೆಂಪು ಮಸಾರಿ ನೆಲ. ನಡುನಡುವೆ ತೊಗರಿ, ಸಜ್ಜೆಗಳ ಹೊಲ. ಕಳೆದ ಬೇಸಗೆಯಲ್ಲಿ ಈ ದಾರಿಯಲ್ಲಿ ಹೋಗುತ್ತಿದ್ದಾಗ ಒಂದು ಗುಡ್ಡದ ಮಗ್ಗುಲಲ್ಲಿ ನಾವು ನೆರಳಿಗೆಂದು ನಿಂತೆವು. ನೆರಳೇನೋ ಸಿಕ್ಕಲಿಲ್ಲ, ಆದರೆ ಕಲ್ಲುಗಳ ಸಂದಿನಲ್ಲಿ ಬೆಳೆದಿದ್ದ ಒಂದು ಡಬ್ಬಗಳ್ಳಿಯ ಪೊದೆ ನಮ್ಮ ದೃಷ್ಟಿಯನ್ನು ಸೆಳೆಯಿತು. ಬೇರೆ ಕಡೆಗಳಲ್ಲಿ ಪಾಪಾಸುಕಳ್ಳಿಯೆಂದು ಕರೆಯುವುದು ಇದನ್ನೇ. ಅಂಗೈಯಗಲದ ಅದರ ಹಸುರು ಹಲಗೆಗಳ ಮೇಲೆಲ್ಲ, ಹಿಂಜಿದ ಅರಳೆಯ ಚೂರುಗಳನ್ನು ಅಂಟಿಸಿದಂತೆ, ಬಿಳಿಯ ಮಚ್ಚೆಗಳಿದ್ದವು. ಹತ್ತಿರದಲ್ಲಿಯೇ ಕುರಿ ಮೇಯಿಸುತ್ತಿದ್ದ ಮುದುಕರೊಬ್ಬರು "ಕಳ್ಳಿಗೆ ಬೂದಿರೋಗ ಬಂದೈತ್ರಿ" ಎಂದರು.

ಒಂದು ಕಡ್ಡಿಯ ತುದಿಯಿಂದ ಆ ಅರಳೆಯನ್ನು ಸ್ವಲ್ಪ ಕೆದಕಿ ಬೆರಳುಗಳ ನಡುವೆ ಹೊಸಕಿದೆವು. ಬೆರಳು ಕೆಂಪಾಯಿತು, ಅರಿಶಿನದ ಕಲಬೆರಕೆಯಿಲ್ಲದ ಅಪ್ಪಟ ಕುಂಕುಮದಂತಹ ಕೆಂಪು. ಮುದುಕರು ಒಂದು ಹೆಜ್ಜೆ ಹಿಂದಕ್ಕೆ ಸರಿದರು. ರೋಗಕ್ಕೆ ರಕ್ತವಿರುವುದುಂಟೆ?

ಅದು ರೋಗವಲ್ಲ, ಕೀಟ. ಕಾಚಿನೀಲ್ ಎಂಬ ಹೆಸರಿನಿಂದ ಜಗತ್ತಿನ ಬಣ್ಣಗಾರರೆಲ್ಲರಿಗೂ ಪರಿಚಿತವಾದ ಶಲ್ಕಕೀಟಗಳ ಬಳಗಕ್ಕೆ ಸೇರಿದುದು. ನಮ್ಮ ನಾಡಿನ ಅರಗಿನ ಹುಳುವಿಗೆ ಅದು ದೂರದ ದಾಯಾದಿ. ಅರಗಿನ ಹುಳು ಮರದ ಕೊಂಬೆಗೆ ಬಾಯಿಯಿಟ್ಟು ರಸ ಹೀರುತ್ತ ಮೈಮೇಲೆ ಅರಗಿನ ಗೂಡು ಕಟ್ಟಿಕೊಳ್ಳುವಂತೆ, ಇದು ಕಳ್ಳಿಯ ರಸ ಹೀರುತ್ತ ಮೈಮೇಲೆ ಬಿಳಿಯ ಮೇಣದ ಎಳೆಗಳನ್ನು ಹೊದ್ದುಕೊಳ್ಳುತ್ತದೆ. ಕಳ್ಳಿಯೂ ಈ ನಾಡಿನದಲ್ಲ, ಕೀಟವೂ ಅಲ್ಲ. ಎರಡೂ ಅಮೆರಿಕ ಖಂಡಗಳಿಂದ ಬಂದವು. ಅವು ಬಂದ ಬಗೆ, ಬಂದಮೇಲೆ ನಡೆಸಿದ ವ್ಯವಹಾರ, ಅವುಗಳ ವಿಚಾರದಲ್ಲಿ ವಿದ್ವಾಂಸರೂ ವರ್ತಕರೂ ಮೋಸಹೋದ ರೀತಿ ಇವೆಲ್ಲವೂ ಸೇರಿದರೆ ಇನ್ನೂರು ವರ್ಷಗಳಿಗೂ ಮಿಕ್ಕ ಒಂದು ಕಥೆಯಾಗುತ್ತದೆ. ಅದರ ಮೊದಲ ಅಧ್ಯಾಯ ನಡೆದುದು ಬ್ರೆಜಿಲಿನಲ್ಲಿ.

ಹದಿನಾರನೆಯ ಶತಮಾನದಲ್ಲಿ ಸ್ಪೇನಿನವರು ಮೆಕ್ಸಿಕೋವನ್ನು ಗೆದ್ದಾಗ ಅಲ್ಲಿನ ಜನ ಕಳ್ಳಿಯ ತೋಟಗಳಲ್ಲಿ ಈ ಬಳಗದ ಒಂದು ಜಾತಿಯನ್ನು ಸಾಕಿ, ಒಣಗಿಸಿ, ಅದರಿಂದ ಕೆಂಪು ಬಣ್ಣವನ್ನು ತೆಗೆಯುತ್ತಿದ್ದರು. ಯೂರೋಪಿನಲ್ಲಿ ಆಗ ಅಷ್ಟು ಹೊಳಪಿನ ಕೆಂಪು ಇರಲಿಲ್ಲ. ಒಂದು ಪೌಂಡು ಒಣಸರಕಿಗೆ ಸುಮಾರು 70,000 ಹುಳುಗಳು ಬೇಕು. ಆದುದರಿಂದ ಬೆಲೆಯೂ ಬಹಳ. ಸ್ಪೇನಿನವರು ಈ ಗುಟ್ಟನ್ನು ಎಷ್ಟು ಬಿಗಿಯಾಗಿ ಕಾಯ್ದರೆಂದರೆ, ಆ ಒಣಗಿದ ಕಾಳುಗಳು ಬೀಜವೋ ಹುಳುವೋ ಎಂಬ ಚರ್ಚೆ ಯೂರೋಪಿನಲ್ಲಿ ಬಹುಕಾಲ ನಡೆಯಿತು. ಹಾಲೆಂಡಿನ ಲೇವನ್‌ಹುಕ್ ತನ್ನ ಸೂಕ್ಷ್ಮದರ್ಶಕದಡಿಯಲ್ಲಿಟ್ಟು ನೋಡಿ ಅದು ಹುಳುವೆಂದು ತೋರಿಸಬೇಕಾಯಿತು. ಇಂಗ್ಲಿಷ್ ಸೇನಾಧಿಕಾರಿಗಳ ಕೆಂಪಂಗಿಗೆ ಬೇಕಾದ ಬಣ್ಣವೂ ಇದೇ ಆಗಿತ್ತು. ಶತ್ರುದೇಶಕ್ಕೆ ಹಣ ತೆತ್ತು ತಮ್ಮ ಸೈನ್ಯಕ್ಕೆ ಬಣ್ಣ ಕೊಳ್ಳುವ ಸಂಕಟ ಈಸ್ಟ್ ಇಂಡಿಯಾ ಕಂಪೆನಿಯವರನ್ನು ಕೊರೆಯುತ್ತಿದ್ದಿರಬೇಕು. ಮದರಾಸಿನಲ್ಲಿ ವೈದ್ಯಾಧಿಕಾರಿಯಾಗಿದ್ದ ಜೇಮ್ಸ್ ಆಂಡರ್ಸನ್ ಎಂಬಾತನು ಕಳ್ಳಿಯ ತೋಟವನ್ನೇ ಮಾಡಿಸಿ, ಹುಳುವಿಗಾಗಿ ಕಾದು ಕುಳಿತಿದ್ದನು.

1795ರಲ್ಲಿ ಕ್ಯಾಪ್ಟನ್ ನೀಲ್ಸನ್ ಎಂಬಾತನು ಬ್ರೆಜಿಲಿನ ರಿಯೋ ಡಿ ಜನೈರೋ ಬಂದರಿನಲ್ಲಿ ಹಡಗು ನಿಂತಾಗ ಅಲ್ಲಿನ ಕಳ್ಳಿಯ ಮೇಲೆ ಬಿಳಿಯ ಅರಳೆಯನ್ನು ಕಂಡನು. ಹೊಸಕಿದರೆ ಕೆಂಪು! ಹುಳುಸಹಿತವಾದ ಹಲಗೆಗಳನ್ನು ಕಲ್ಕತ್ತೆಗೆ ಹೊತ್ತು ತಂದನು. ಬಂಗಾಳದಲ್ಲಿ ಅವು ಬದುಕಿಕೊಂಡವು, ಹೆಚ್ಚಿದವು; ಮದರಾಸಿಗೂ ಹೋದವು. ಕಂಪೆನಿಯವರ ಸಂತೋಷ ಮಾತ್ರ ಹೆಚ್ಚು ಕಾಲ ಬಾಳಲಿಲ್ಲ. ಬಣ್ಣವೇನೋ ಬಂದಿತು, ಆದರೆ ಅದು ಕೀಳು ದರ್ಜೆಯದು, ಪ್ರಮಾಣವೂ ಕಡಿಮೆ, ಮೇಣದ ಕಾಟ ಬೇರೆ. ನೀಲ್ಸನ್ ತಂದುದು ಮೆಕ್ಸಿಕೋದ ಸಾಕುಹುಳು ಡ್ಯಾಕ್ಟಿಲೋಪಿಯಸ್ ಕಾಕಸ್ ಅಲ್ಲ. ದಕ್ಷಿಣ ಅಮೆರಿಕದ ಕಾಡುಹುಳು. ಇವೆರಡನ್ನೂ ಬೇರ್ಪಡಿಸಲು ಸೂಕ್ಷ್ಮದರ್ಶಕವೂ ಬೇಕಿಲ್ಲ. ಸಾಕುಹುಳುವಿನ ಮೈಮೇಲೆ ಇರುವುದು ಹಿಟ್ಟು ಚಿಮುಕಿಸಿದಂತಹ ತೆಳುವಾದ ಪುಡಿ. ಕಾಡುಹುಳುವಿನ ಮೇಲೆ ಇರುವುದು ಎಳೆಯೆಳೆಯಾದ ಅರಳೆ. ಎರಡನ್ನೂ ಒಟ್ಟಿಗೆ ನೋಡಿದ್ದವರು ಯಾರಾದರೂ ಆ ಹಡಗುಕಟ್ಟೆಯಲ್ಲಿದ್ದಿದ್ದರೆ ಈ ಕಥೆಯೇ ನಡೆಯುತ್ತಿರಲಿಲ್ಲ.

ಬಣ್ಣದ ವ್ಯಾಪಾರ ಮುಳುಗಿತು, ಹುಳು ಮುಳುಗಲಿಲ್ಲ. ಬಂಗಾಳದಲ್ಲಿಯೂ ಉತ್ತರದ ಇತರ ಪ್ರಾಂತಗಳಲ್ಲಿಯೂ ಆಗ ಬೇಲಿಗಳಲ್ಲಿ ದಟ್ಟವಾಗಿ ಬೆಳೆದಿದ್ದ ಕಳ್ಳಿ ಒಪನ್ಷಿಯ ಮೊನಕಾಂತ ಎಂಬ ಜಾತಿಯದು. ಅದೂ ಬ್ರೆಜಿಲ್ ಮತ್ತು ಅದರ ನೆರೆನಾಡುಗಳ ಮೂಲನಿವಾಸಿ. ಹುಳುವಿಗಿಂತ ಎಷ್ಟೋ ಮೊದಲೇ ಇಲ್ಲಿಗೆ ಬಂದು ನೆಲೆಸಿತ್ತು. ಹೀಗೆ, ಊರಿನಿಂದ ಬೇರೆಯಾಗಿ ಸಮುದ್ರ ದಾಟಿದ್ದ ಗಿಡವನ್ನು ಅದರ ಹಳೆಯ ವೈರಿ ಸಮುದ್ರ ದಾಟಿ ಬಂದು ಹಿಡಿಯಿತು. ವೈರಿಯಿಲ್ಲದ ನಾಡಿನಲ್ಲಿ ನಿರಾತಂಕವಾಗಿ ಹಬ್ಬಿದ್ದ ಕಳ್ಳಿ ವರ್ಷವರ್ಷಕ್ಕೂ ಕೊಳೆತು ಬಿದ್ದು, ಕ್ರಮೇಣ ಅಪರೂಪವಾಯಿತು. ಇದನ್ನು ಕಂಡವರು 1836-38ರ ಅವಧಿಯಲ್ಲಿ ಹುಳುವನ್ನು ಬೇಕೆಂದೇ ದಕ್ಷಿಣಕ್ಕೆ ತಂದು ಬಿಟ್ಟರು. 1860ರ ದಶಕದಲ್ಲಿ ಸಿಂಹಳಕ್ಕೂ ಒಯ್ದರು. ಒಂದು ದೇಶದ ಕೀಟವನ್ನು ಮತ್ತೊಂದು ದೇಶಕ್ಕೆ ಒಯ್ದು ಕಳೆಯನ್ನು ಹತೋಟಿಗೆ ತಂದ ಮೊದಲ ನಿದರ್ಶನವೆಂದು ಶಾಸ್ತ್ರಗ್ರಂಥಗಳು ಹೇಳುವುದು ಇದನ್ನೇ. ಜೈವಿಕ ನಿಯಂತ್ರಣವೆಂಬ ಇಂದಿನ ದೊಡ್ಡ ವಿದ್ಯೆ ಹುಟ್ಟಿದುದು, ನೋಡಿ, ಬಣ್ಣದ ಆಸೆಯಿಂದ. ಅದೂ ಹುಳುವನ್ನು ತಪ್ಪಾಗಿ ಗುರುತಿಸಿದುದರಿಂದ!

ಈ ಹುಳುವಿಗೆ ಇಟ್ಟ ಹೆಸರಿನ ಕಥೆಯೂ ಸ್ವಾರಸ್ಯವಾದುದೇ. ಬ್ರೆಜಿಲಿನಿಂದ ಬಂದ ಹುಳು ಸಿಂಹಳದಲ್ಲಿ ಸಿಕ್ಕಿತೆಂದು 1896ರಲ್ಲಿ ಅದನ್ನು 'ಸಿಲೋನಿಕಸ್' ಎಂದು ಕರೆದರು. ಹಿಂದೂದೇಶದ್ದೆಂದು ತಿಳಿದು 'ಇಂಡಿಕಸ್' ಎಂದೂ ಕರೆದುದುಂಟು. ಇಂದಿಗೂ ಅದರ ಶಾಸ್ತ್ರೀಯ ನಾಮ ಡ್ಯಾಕ್ಟಿಲೋಪಿಯಸ್ ಸಿಲೋನಿಕಸ್. ವಲಸೆ ಬಂದವನಿಗೆ ತಂಗಿದ ಛತ್ರದ ಹೆಸರೇ ಮನೆತನದ ಹೆಸರಾದಂತಾಯಿತು.

ಹೆಸರಿನ ಮಾತು ಬಂದಾಗ ಮಸ್ಕಿಯನ್ನು ಮರೆತು ಮುಂದೆ ಹೋಗಲಾಗದು. ನಾವು ಕಳ್ಳಿಯನ್ನು ಬಿಟ್ಟು ಮಸ್ಕಿಯನ್ನು ತಲಪಿದಾಗ ಬಿಸಿಲು ಇಳಿದಿತ್ತು. ಊರ ಪಕ್ಕದ ಗುಡ್ಡದಲ್ಲಿ ಒಂದು ಬಂಡೆಯ ಮೇಲೆ ಅಶೋಕನ ಶಾಸನವಿದೆ. ಇದನ್ನು 1915ರಲ್ಲಿ ಪತ್ತೆಮಾಡಿದವನು ಬೀಡನ್ ಎಂಬ ಗಣಿ ಎಂಜಿನಿಯರ್. ಈ ಸೀಮೆಯಲ್ಲಿ ಚಿನ್ನದ ಶೋಧಕ್ಕಾಗಿ ತಿರುಗುತ್ತಿದ್ದವನು. ಅದುವರೆಗೆ ದೇಶದಲ್ಲೆಲ್ಲ ಸಿಕ್ಕಿದ್ದ ಶಾಸನಗಳಲ್ಲಿ ಇದ್ದುದು 'ದೇವಾನಾಂಪ್ರಿಯ', 'ಪ್ರಿಯದರ್ಶಿ' ಎಂಬ ಬಿರುದುಗಳು ಮಾತ್ರ. ಅವನು ಮೌರ್ಯ ಅಶೋಕನೇ ಎಂಬುದು ಸಿಂಹಳದ ಗ್ರಂಥಗಳ ಆಧಾರದ ಮೇಲೆ ಮಾಡಿದ ಊಹೆ. ಮಸ್ಕಿಯ ಬಂಡೆಯ ಮೇಲೆ ಬಿರುದಿನ ಜೊತೆಗೆ 'ಅಶೋಕ' ಎಂಬ ಹೆಸರೇ ಇದ್ದುದರಿಂದ ಊಹೆ ನಿಶ್ಚಯವಾಯಿತು. ತರುವಾಯ ಬೇರೆ ಕಡೆಗಳಲ್ಲಿಯೂ, ತುಂಗಭದ್ರೆಯ ಆಚೆಯ ನಿಟ್ಟೂರು ಉಡೆಗೊಳಂಗಳಲ್ಲಿಯೂ, ಆ ಹೆಸರು ದೊರೆತಿದೆ. ಆದರೆ ಮೊದಲು ನುಡಿದುದು ಮಸ್ಕಿಯೇ. ಯಾರು ಯಾರೆಂಬುದು ನಿಶ್ಚಯವಾಗದೆ ಚರಿತ್ರೆ ಮುಂದೆ ಸಾಗದು. ಕೀಟಶಾಸ್ತ್ರವೂ ಹಾಗೆಯೇ, ಅಲ್ಲಿ ಬಂಡೆಯ ಮೇಲೆ ಬರೆದಿಟ್ಟು ಹೋದವರಿಲ್ಲದ ಕಾರಣ ಕೆಲಸ ಇನ್ನೂ ಕಷ್ಟ.

ಈಗ ದಕ್ಷಿಣದ ಕಳ್ಳಿಯ ಕಡೆಗೆ ಬರೋಣ. ಬ್ರೆಜಿಲಿನ ಹುಳು ಮೊನಕಾಂತವನ್ನು ತಿಂದು ಮುಗಿಸಿತು, ನಿಜ. ಆದರೆ ದಕ್ಷಿಣದಲ್ಲಿ ಅದಕ್ಕಿಂತಲೂ ಹಟಮಾರಿಯಾದ ಮತ್ತೊಂದು ಕಳ್ಳಿಯಿತ್ತು: ಒಪನ್ಷಿಯ ಸ್ಟ್ರಿಕ್ಟ, ಹಳೆಯ ಪುಸ್ತಕಗಳಲ್ಲಿ ಒಪನ್ಷಿಯ ಡಿಲ್ಲೆನಿಯೈ. ಹಳದಿ ಮುಳ್ಳು, ಹಳದಿ ಹೂವು, ಮಕ್ಕಳ ತುಟಿಯನ್ನು ನೇರಳೆಯಾಗಿಸುವ ಹಣ್ಣು ಇರುವುದು ಇದಕ್ಕೆ. ಬ್ರೆಜಿಲಿನ ಹುಳು ಇದನ್ನು ಮೂಸಿಯೂ ನೋಡಲಿಲ್ಲ. ಗೋಮಾಳಗಳೂ ಹಳ್ಳದ ದಂಡೆಗಳೂ ಇದರ ವಶವಾದವು. ಕೊನೆಗೆ 1926ರಲ್ಲಿ ಸಿಂಹಳದಿಂದ ಮದರಾಸು ಪ್ರಾಂತಕ್ಕೆ ಮತ್ತೊಂದು ಕಾಚಿನೀಲ್ ಹುಳುವನ್ನು ತರಿಸಿದರು. ಇದರ ತವರು ಉತ್ತರ ಅಮೆರಿಕ. ಹೆಸರು ಡ್ಯಾಕ್ಟಿಲೋಪಿಯಸ್ ಒಪನ್ಷಿಯೆ. ಹುಳು ಹತ್ತಿದ ಹಲಗೆಗಳನ್ನು ಒಯ್ದು ಆರೋಗ್ಯವಂತ ಪೊದೆಗಳ ಮೇಲೆ ಇಟ್ಟರೆ ಸಾಕು. ಉಳಿದ ಕೆಲಸವನ್ನು ಹುಳು ಮಾಡಿಕೊಳ್ಳುತ್ತಿತ್ತು. ಕೆಲವೇ ವರ್ಷಗಳಲ್ಲಿ ದಕ್ಷಿಣದ ಕಳ್ಳಿಯ ಕಾಡುಗಳು ಕರಗಿದವು. ಸಿಂಧನೂರಿನ ಎದುರುದಂಡೆಯ ಬಳ್ಳಾರಿ ಅಂದು ಮದರಾಸಿಗೆ ಸೇರಿದುದು, ಈಚಿನ ದಂಡೆ ನಿಜಾಮರದು. ಆದರೆ ಹುಳುವಿಗೆ ಸಂಸ್ಥಾನದ ಗಡಿಯ ಪರಿವೆ ಎಲ್ಲಿಯದು? ನಾವು ಬೆರಳಲ್ಲಿ ಹೊಸಕಿದುದು ಆ ವಂಶದ ಹುಳುವನ್ನೇ ಎಂದು ನಂಬಲು ಅಡ್ಡಿಯಿಲ್ಲ. ಏಕೆಂದರೆ ಅದು ಕುಳಿತಿದ್ದುದು ಹಳದಿ ಮುಳ್ಳಿನ ಕಳ್ಳಿಯ ಮೇಲೆ.

ರೆಕ್ಕೆಯಿಲ್ಲದೆ ಒಂದೇ ಕಡೆ ಅಂಟಿಕೊಂಡಿರುವ ಹುಳು ಗಡಿ ದಾಟುವುದಾದರೂ ಹೇಗೆ? ಅರಳೆಯ ಕೆಳಗೆ ಕುಳಿತಿರುವುದು ಹೆಣ್ಣು. ಒಮ್ಮೆ ಕೊಳವೆಯಂತಹ ಬಾಯಿಯನ್ನು ಕಳ್ಳಿಯೊಳಕ್ಕೆ ಚುಚ್ಚಿತೆಂದರೆ ಸಾಯುವವರೆಗೂ ಅಲ್ಲಿಂದ ಕದಲದು. ಅದರ ಮೊಟ್ಟೆಗಳು ಬೇಗನೆ ಒಡೆಯುತ್ತವೆ. ಹೊರಬಂದ ಮರಿಗಳು ಸಾಸಿವೆಗಿಂತ ಚಿಕ್ಕವು; ಅವುಗಳಿಗೆ ಕಾಲುಗಳುಂಟು, ಬೆನ್ನ ಮೇಲೆ ಉದ್ದನೆಯ ಮೇಣದ ಎಳೆಗಳೂ ಉಂಟು. ಹಲಗೆಯ ನೆತ್ತಿಗೆ ಹತ್ತಿ ನಿಲ್ಲುವುದು ಅವುಗಳ ಸ್ವಭಾವ. ಬೇಸಗೆಯ ಗಾಳಿ ಬೀಸಿದಾಗ ಆ ಎಳೆಗಳೇ ಹಾಯಿಯಾಗಿ ಮರಿ ತೇಲಿ ಹೋಗುತ್ತದೆ. ಸಾವಿರದಲ್ಲಿ ಒಂದು ಇನ್ನೊಂದು ಕಳ್ಳಿಯ ಮೇಲೆ ಇಳಿದರೂ ಹೊಸದೊಂದು ಸಂಸಾರ ಹೂಡಿದಂತೆಯೇ. ಗಂಡಿನ ಬಾಳು ಇನ್ನೂ ಅಲ್ಪ. ಬೆಳೆದ ಗಂಡಿಗೆ ಒಂದು ಜೊತೆ ರೆಕ್ಕೆಯುಂಟು, ತಿನ್ನಲು ಬಾಯಿಲ್ಲ. ಕೆಲವು ದಿನ ಹಾರಾಡಿ, ಹೆಣ್ಣನ್ನು ಕೂಡಿ, ಸಾಯುತ್ತದೆ.

ಮಳೆ ಈ ಹುಳುವಿಗೆ ಆಗದು. ಜಡಿಮಳೆ ಮರಿಗಳನ್ನು ತೊಳೆದು ನೆಲಕ್ಕೆ ಕೆಡಹುತ್ತದೆ. ವರ್ಷಕ್ಕೆ 600 ಮಿಲಿಮೀಟರಿನ ಆಸುಪಾಸಿನಲ್ಲಿ ಮಳೆ ಬೀಳುವ ರಾಯಚೂರು ಸೀಮೆ ಅದಕ್ಕೆ ಹೇಳಿ ಮಾಡಿಸಿದ ಜಾಗ. ಕಳ್ಳಿಗೂ ಅಷ್ಟೆ. ಇತರ ಗಿಡಗಳು ಹಗಲಿನಲ್ಲಿ ಪತ್ರರಂಧ್ರಗಳನ್ನು ತೆರೆದು ಗಾಳಿಯಿಂದ ಇಂಗಾಲದ ಡೈಆಕ್ಸೈಡನ್ನು ತೆಗೆದುಕೊಳ್ಳುವಾಗ ನೀರನ್ನು ಆವಿಯಾಗಿ ಕಳೆದುಕೊಳ್ಳುತ್ತವೆ. ಕಳ್ಳಿ ಹಗಲೆಲ್ಲ ಬಾಗಿಲು ಮುಚ್ಚಿ, ರಾತ್ರಿಯ ತಂಪಿನಲ್ಲಿ ತೆರೆದು, ಆ ಅನಿಲವನ್ನು ಆಮ್ಲದ ರೂಪದಲ್ಲಿ ಕೂಡಿಟ್ಟುಕೊಂಡು, ಮರುದಿನ ಬಿಸಿಲಿನಲ್ಲಿ ಬಾಗಿಲು ತೆರೆಯದೆಯೇ ಸಕ್ಕರೆ ಮಾಡಿಕೊಳ್ಳುತ್ತದೆ. ಬೆಳಗಿನ ಜಾವ ಕಳ್ಳಿಯ ಚೂರನ್ನು ನಾಲಗೆಗೆ ಮುಟ್ಟಿಸಿದರೆ ಹುಳಿ. ಸಂಜೆ ಮುಟ್ಟಿಸಿದರೆ ಅಷ್ಟು ಹುಳಿಯಿಲ್ಲ. ಮುಳ್ಳನ್ನೂ, ಕಣ್ಣಿಗೆ ಕಾಣದ ಸೂಜಿಗೂದಲನ್ನೂ ಎಚ್ಚರಿಕೆಯಿಂದ ತೆಗೆದು, ಓದುಗರು ಇದನ್ನು ಪರೀಕ್ಷಿಸಬಹುದು. ಕೂದಲಿನ ವಿಚಾರದಲ್ಲಿ ನಾವು ಅಷ್ಟು ಎಚ್ಚರ ವಹಿಸದೆ ಮೂರು ದಿನ ಬೆರಳನ್ನು ನೋಡಿಕೊಳ್ಳಬೇಕಾಯಿತು.

ಹಣ್ಣಿನ ಕೆಂಪೂ ಹುಳುವಿನ ಕೆಂಪೂ ಒಂದೇ ಎಂದು ಹಲವರು ತಿಳಿದಿದ್ದಾರೆ. ಹಾಗಲ್ಲ. ಹಣ್ಣಿನ ಬಣ್ಣ ಬೀಟ್‌ರೂಟಿನ ಬಣ್ಣದ ಜಾತಿಯದು. ಹುಳುವಿನದು ಕಾರ್ಮಿನಿಕ್ ಆಮ್ಲ. ಅದನ್ನು ಹುಳು ತನ್ನ ಮೈಯಲ್ಲಿ ತಯಾರಿಸಿಕೊಳ್ಳುತ್ತದೆ. ಸಾಕುಹುಳುವಿನ ಒಣತೂಕದಲ್ಲಿ ಹೆಚ್ಚುಕಡಮೆ ಐದರಲ್ಲೊಂದು ಪಾಲು ಅದೇ. ಇಷ್ಟು ದುಂದು ಏಕೆ? ಇರುವೆಗಳನ್ನು ದೂರವಿಡಲು ಎಂಬುದನ್ನು ಅಮೆರಿಕದ ಐಸ್ನರ್ ಮತ್ತು ಸಂಗಡಿಗರು 1980ರಲ್ಲಿ ಪ್ರಯೋಗಗಳಿಂದ ತೋರಿಸಿದರು. ಆದರೆ ಈ ಹುಳುವನ್ನೇ ತಿನ್ನುವ ಒಂದು ಕಂಬಳಿಹುಳು ಇದೆ. ತಿಂದ ಆಮ್ಲ ಅದಕ್ಕೆ ವಿಷವಾಗುವುದಿರಲಿ, ಇರುವೆ ಮೇಲೆ ಬಿದ್ದಾಗ ಆ ಕೆಂಪನ್ನು ಕಕ್ಕಿ ತನ್ನನ್ನು ತಾನು ಕಾಪಾಡಿಕೊಳ್ಳುತ್ತದೆ. ಕದ್ದ ಕತ್ತಿಯಿಂದ ಕಾಳಗ!

ಇಷ್ಟರವರೆಗೆ ಹುಳು ನಮ್ಮ ಪಾಲಿಗೆ ಉಪಕಾರಿ. ಈಗ ಇದೇ ಹುಳುವಿನ ಇನ್ನೊಂದು ಮುಖವನ್ನು ನೋಡಲು ಮತ್ತೆ ಬ್ರೆಜಿಲಿಗೆ ಹೋಗಬೇಕು. ಆ ದೇಶವೆಂದರೆ ಅಮೆಜಾನಿನ ಕಾಡು, ನಿಲ್ಲದ ಮಳೆ ಎಂದು ನಾವು ಕಲ್ಪಿಸಿಕೊಳ್ಳುತ್ತೇವೆ. ಅದರ ಈಶಾನ್ಯ ಭಾಗ ಹಾಗಿಲ್ಲ. ಅಲ್ಲಿನ ಕಾಟಿಂಗ ಎಂಬ ಕುರುಚಲು ಕಾಡು ವರ್ಷದ ಬಹುಭಾಗ ಎಲೆಯುದುರಿಸಿ ಬೆಳ್ಳಗೆ ನಿಂತಿರುತ್ತದೆ. ಮಳೆ ಕಡಿಮೆ, ಬರಗಾಲ ಪದೇ ಪದೇ, ಮೇಕೆಗಳು ಹೇರಳ. ಲಿಂಗಸುಗೂರಿನ ಕುರಿಗಾಹಿಯನ್ನು ಒಯ್ದು ಅಲ್ಲಿ ಬಿಟ್ಟರೆ ಆತ ಭಾಷೆಗೊಂದಕ್ಕೆ ತಬ್ಬಿಬ್ಬಾದಾನೇ ಹೊರತು ಭೂಮಿಗಲ್ಲ. ಆ ಸೀಮೆಯ ರೈತರು ಬರಗಾಲದ ಮೇವಿಗಾಗಿ ಲಕ್ಷಗಟ್ಟಲೆ ಹೆಕ್ಟೇರುಗಳಲ್ಲಿ ಮುಳ್ಳಿಲ್ಲದ ಕಳ್ಳಿಯನ್ನು ಬೆಳೆಸುತ್ತಾರೆ. ಪಾಲ್ಮ ಎಂದು ಅದರ ಹೆಸರು. ಹೆಚ್ಚಿನದು ಒಪನ್ಷಿಯ ಫೈಕಸ್ ಇಂಡಿಕ. ಆ ಮಾತಿನ ಅರ್ಥ ಹಿಂದೂದೇಶದ ಅತ್ತಿ ಎಂದು. ಗಿಡದ ತವರು ಮೆಕ್ಸಿಕೋ. ಹೆಸರಿನ ಅವಾಂತರ ಇಲ್ಲಿಯೂ ತಪ್ಪಲಿಲ್ಲ.

ಇತ್ತೀಚಿನ ದಶಕಗಳಲ್ಲಿ ಪೆರ್ನಾಂಬುಕೊ, ಪರೈಬ ಪ್ರಾಂತಗಳ ಪಾಲ್ಮ ಹೊಲಗಳನ್ನು ಡ್ಯಾಕ್ಟಿಲೋಪಿಯಸ್ ಒಪನ್ಷಿಯೆ ಹೊಕ್ಕಿತು. ನಮ್ಮಲ್ಲಿ 1926ರಲ್ಲಿ ಕಳೆ ಕೊಂದು ಹೊಗಳಿಸಿಕೊಂಡ ಅದೇ ಹುಳು ಅಲ್ಲಿ ಬೆಳೆ ಕೊಂದು ರೈತನನ್ನು ಬೀದಿಗೆ ತಂದಿತು. ಹೊಲಹೊಲಗಳೇ ಬಿಳುಪೇರಿ ಕುಸಿದವು. ಮೇವಿಲ್ಲದೆ ದನ ಮಾರಿದವರು ಅನೇಕರು. 2014ರಲ್ಲಿ ಮೊರಾಕೋ ದೇಶದಲ್ಲಿ ಕಾಣಿಸಿಕೊಂಡು ಅಲ್ಲಿಯೂ ಇದೇ ಹಾವಳಿ ನಡೆಸಿತು. ಬ್ರೆಜಿಲಿನ ಕೀಟ ಪರಿಸರ ಶಾಸ್ತ್ರಜ್ಞರು ಅಂದಿನಿಂದ ಒಂದೊಂದು ತಳಿಯನ್ನೂ ಹುಳುವಿಗೆ ಒಡ್ಡಿ, ಯಾವುದು ಉಳಿದೀತು ಎಂದು ಶೋಧಿಸುತ್ತಿದ್ದಾರೆ. ಉಳಿದವುಗಳಲ್ಲಿ ಒಂದು ಕಾಚಿನೀಲಿನ ಹೆಸರನ್ನೇ ಹೊತ್ತ ನೊಪಾಲಿಯ ಕಾಚಿನೆಲ್ಲಿಫೆರ. ಇನ್ನೊಂದು 'ಮೆಕ್ಸಿಕೋದ ಆನೆಕಿವಿ' ಎಂಬ ತಳಿ. ಅದರ ಶಾಸ್ತ್ರೀಯ ನಾಮವನ್ನು ಕೇಳಿದಾಗ ನಾವು ಪುಸ್ತಕವನ್ನು ಕೆಳಗಿಟ್ಟು ಯೋಚಿಸಬೇಕಾಯಿತು: ಒಪನ್ಷಿಯ ಸ್ಟ್ರಿಕ್ಟ.

ಓದುಗರು ಗಮನಿಸಿರಬಹುದು. ನಮ್ಮ ನಾಡಿನಲ್ಲಿ ಡ್ಯಾಕ್ಟಿಲೋಪಿಯಸ್ ಒಪನ್ಷಿಯೆ ಎಂಬ ಹುಳು ಒಪನ್ಷಿಯ ಸ್ಟ್ರಿಕ್ಟ ಎಂಬ ಕಳ್ಳಿಯನ್ನು ನಿರ್ನಾಮ ಮಾಡಿತು. ಬ್ರೆಜಿಲಿನಲ್ಲಿ ಅದೇ ಹೆಸರಿನ ಹುಳು ಅದೇ ಹೆಸರಿನ ಕಳ್ಳಿಯ ಎದುರು ಸೋಲುತ್ತದೆ. ಇದು ಹೇಗೆ ಸಾಧ್ಯ?

ಇದಕ್ಕೆ ಉತ್ತರದ ಸುಳಿವು ಸಿಕ್ಕಿದುದು ದಕ್ಷಿಣ ಆಫ್ರಿಕದಲ್ಲಿ. ಅಲ್ಲಿ ಫೈಕಸ್ ಇಂಡಿಕವನ್ನು ಬಹುಕಾಲದಿಂದ ಅಡಗಿಸಿದ್ದ ಈ ಹುಳುವನ್ನು ಕ್ರೂಗರ್ ಅಭಯಾರಣ್ಯದ ಸ್ಟ್ರಿಕ್ಟದ ಮೇಲೆ ಬಿಟ್ಟರು, ಹುಳು ಹತ್ತಲಿಲ್ಲ. ಆಸ್ಟ್ರೇಲಿಯದಲ್ಲಿ ಸ್ಟ್ರಿಕ್ಟದ ಮೇಲೆಯೇ ಬದುಕುತ್ತಿದ್ದ ಅದೇ ಜಾತಿಯ ಹುಳುವನ್ನು ತರಿಸಿ 1997ರಲ್ಲಿ ಬಿಟ್ಟರು. ಹತ್ತಿತು, ಕಳ್ಳಿ ಕುಸಿಯಿತು. ತಿರುಗಿಸಿ ನೋಡಿದರೆ, ಈ ಎರಡನೆಯ ಹುಳು ಫೈಕಸ್ ಇಂಡಿಕದ ಮೇಲೆ ಏಳಿಗೆಯಾಗಲೊಲ್ಲದು. ಒಂದೇ ಜಾತಿ, ಒಂದೇ ಆಕಾರ. ಆದರೆ ಎರಡು ಕುಲ. ಸೂಕ್ಷ್ಮದರ್ಶಕಕ್ಕೆ ಕಾಣದ ಭೇದ ಕಳ್ಳಿಯ ನಾಲಗೆಗೆ ತಿಳಿಯುತ್ತದೆ ಎನ್ನೋಣವೆ? ಇದಕ್ಕೂ ಮೊದಲು ಈ ಹುಳುವಿಗೂ ಟೊಮೆಂಟೋಸಸ್ ಎಂಬ ಬೇರೊಂದು ಜಾತಿಗೂ ಬಹುಕಾಲ ಗೊಂದಲವಿತ್ತು. ನಮ್ಮ ದೇಶದ ಹಳೆಯ ಬರಹಗಳಲ್ಲಿ 1926ರ ಹುಳುವಿಗೆ ಇರುವುದು ಆ ತಪ್ಪು ಹೆಸರೇ. 1974ರಲ್ಲಿ ದೆ ಲೊಟ್ಟೊ ಎಂಬ ವಿದ್ವಾಂಸನು ಇಡೀ ಬಳಗವನ್ನು ಮತ್ತೆ ಪರಿಶೀಲಿಸಿ ಜಾತಿಗಳನ್ನು ಬೇರ್ಪಡಿಸಿದನು. ಜಾತಿಗಳು ಬೇರೆಯಾದ ಮೇಲೆ ತಾನೆ ಕುಲಗಳ ಮಾತು!

ತಪ್ಪು ಹೆಸರಿನಿಂದ ಬಂದ ನಷ್ಟಕ್ಕೆ ಇನ್ನೊಂದು ಬ್ರೆಜಿಲ್ ನಿದರ್ಶನವನ್ನು ಹೇಳದೆ ಬಿಡಲು ಮನಸ್ಸಿಲ್ಲ. ಸಾಲ್ವಿನಿಯ ಎಂಬ ತೇಲುವ ಜರಿಗಿಡ ಆಫ್ರಿಕದ ಕರೀಬಾ ಸರೋವರವನ್ನೂ ಕೇರಳದ ಹಿನ್ನೀರನ್ನೂ ಮುಚ್ಚಿತ್ತು. ಅದನ್ನು ಸಾಲ್ವಿನಿಯ ಆರಿಕ್ಯುಲೇಟ ಎಂದು ತಿಳಿದು, ಆ ಜಾತಿಯನ್ನು ತಿನ್ನುವ ಕೀಟಗಳನ್ನು ದಕ್ಷಿಣ ಅಮೆರಿಕದ ಉತ್ತರ ಭಾಗದಿಂದ ತಂದು ಬಿಟ್ಟರು. ಫಲ ಅಷ್ಟಕ್ಕಷ್ಟೆ. ಇದು ಬೇರೆಯೇ ಜಾತಿಯೆಂದು 1972ರಲ್ಲಿ ಮಿಚೆಲ್ ಎಂಬಾತನು ತೋರಿಸಿ, ಸಾಲ್ವಿನಿಯ ಮೊಲೆಸ್ಟ ಎಂಬ ಹೆಸರಿಟ್ಟನು. ಹಾಗಾದರೆ ಅದರ ತವರು ಎಲ್ಲಿ? 1978ರಲ್ಲಿ ಆಸ್ಟ್ರೇಲಿಯದ ಫೋರ್ನೊ ಮತ್ತು ಹಾರ್ಲಿ ಎಂಬ ವಿಜ್ಞಾನಿಗಳು ಆಗ್ನೇಯ ಬ್ರೆಜಿಲಿನಲ್ಲಿ ಅದನ್ನು ಕಂಡುಹಿಡಿದರು. ಅದರ ಮೇಲೆ ಒಂದು ಚಿಕ್ಕ ಮೂತಿಹುಳುವೂ ಇತ್ತು. ಹಿಂದೆ ಆಫ್ರಿಕಕ್ಕೆ ಬಿಟ್ಟಿದ್ದ ಮೂತಿಹುಳುವೇ ಇದೂ ಎಂದು ನೋಡಿದವರಿಗೆಲ್ಲ ತೋರಿತು. ಆದರೂ ಆಸ್ಟ್ರೇಲಿಯದ ಮೂಂಡರ ಸರೋವರದಲ್ಲಿ 1980ರಲ್ಲಿ ಬಿಟ್ಟರು. 18,000 ಟನ್ ಕಳೆಯಿದ್ದ ಸರೋವರದಲ್ಲಿ 1981ರ ವೇಳೆಗೆ ಒಂದು ಟನ್ನೂ ಉಳಿಯಲಿಲ್ಲ. ಹುಳುವನ್ನು ಮತ್ತೆ ಪರೀಕ್ಷಿಸಿದಾಗ ಅದು ಹೊಸ ಜಾತಿಯೆಂದು ತಿಳಿದು, 1985ರಲ್ಲಿ ಸಿರ್ಟೊಬಾಗಸ್ ಸಾಲ್ವಿನಿಯೆ ಎಂದು ಹೆಸರಾಯಿತು. ಅಷ್ಟರಲ್ಲಿ ಅದು ನಮ್ಮಲ್ಲಿಗೂ ಬಂದಾಗಿತ್ತು. ಬೆಂಗಳೂರಿನ ಒಂದು ತಾವರೆಗೊಳದಲ್ಲಿ 1983-84ರಲ್ಲಿ ಬಿಟ್ಟಾಗ ಹನ್ನೊಂದು ತಿಂಗಳಲ್ಲಿ ಕೊಳ ತಿಳಿಯಾಯಿತು. ಅಲ್ಲಿಂದ ಕೇರಳಕ್ಕೆ ಹೋಯಿತು. ಗಿಡದ ಹೆಸರೂ ತಪ್ಪು, ಹುಳುವಿನ ಹೆಸರೂ ತಪ್ಪು. ಎರಡು ತಪ್ಪುಗಳ ನಡುವೆ ಹಲವು ವರ್ಷಗಳು ವ್ಯರ್ಥವಾದವು.

ಮಸ್ಕಿಯನ್ನು ದಾಟಿ ಸಿಂಧನೂರಿನ ಕಡೆಗೆ ಹೋದಂತೆ ಕೆಂಪು ನೆಲ ಹಿಂದೆ ಸರಿದು ಎರೆಭೂಮಿ ಬರುತ್ತದೆ. ತುಂಗಭದ್ರೆಯ ಎಡದಂಡೆ ಕಾಲುವೆ ಬರುತ್ತದೆ. ಕಣ್ಣು ಹಾಯುವವರೆಗೂ ಭತ್ತ. ಹಿಂದೆ ಜೋಳದ ಸೀಮೆಯಾಗಿದ್ದುದು ನೀರು ಬಂದಮೇಲೆ ಹೀಗಾಯಿತು. ಇಲ್ಲಿ ಕಳ್ಳಿಯೂ ಇಲ್ಲ, ಅರಳೆಯೂ ಇಲ್ಲ. ಆದರೆ ಕುಲಗಳ ಪ್ರಶ್ನೆ ಇಲ್ಲಿಯೂ ನಮ್ಮನ್ನು ಬಿಡಲಿಲ್ಲ. ಅಮೆರಿಕದ ಫಾಲ್ ಸೈನಿಕ ಹುಳು 2018ರ ಮೇ ತಿಂಗಳಲ್ಲಿ ಶಿವಮೊಗ್ಗದ ಮುಸುಕಿನ ಜೋಳದ ಹೊಲಗಳಲ್ಲಿ ಪತ್ತೆಯಾಯಿತು; ಭಾರತದಲ್ಲಿ ಅದೇ ಮೊದಲು. ಬ್ರೆಜಿಲಿನಲ್ಲಿ ಮುಸುಕಿನ ಜೋಳದ ಪರಮಶತ್ರು ಅದು. ಅದಕ್ಕೂ ಎರಡು ಕುಲಗಳುಂಟೆಂದು 1980ರ ದಶಕದಲ್ಲಿಯೇ ತಿಳಿದಿತ್ತು: ಒಂದು ಮುಸುಕಿನ ಜೋಳ, ಜೋಳ, ಹತ್ತಿಗಳನ್ನು ಮೆಚ್ಚುವುದು, ಇನ್ನೊಂದು ಭತ್ತವನ್ನೂ ಗರಿಕೆಯನ್ನೂ ಮೆಚ್ಚುವುದು. ಹೊರನೋಟಕ್ಕೆ ಭೇದವಿಲ್ಲ, ಅನುವಂಶಿಕ ಪರೀಕ್ಷೆಯಿಂದಲೇ ತಿಳಿಯಬೇಕು. ಜೋಳದ ಹೊಲಕ್ಕೂ ಭತ್ತದ ಗದ್ದೆಗೂ ನಡುವೆ ಒಂದು ಬದು ಮಾತ್ರ ಇರುವ ಈ ತಾಲ್ಲೂಕುಗಳಲ್ಲಿ ಆ ಭೇದದ ಬೆಲೆ ಎಷ್ಟೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ದೇಶಕ್ಕೆ ಬಂದ ಹುಳು ಮುಖ್ಯವಾಗಿ ಮುಸುಕಿನ ಜೋಳವನ್ನೂ, ಅದಕ್ಕಿಂತ ಕಡಿಮೆಯಾಗಿ ಜೋಳವನ್ನೂ ತಿಂದಿತು.

ಕಳ್ಳಿಯ ವಿಚಾರವನ್ನು ಇಷ್ಟು ದೀರ್ಘವಾಗಿ ಬರೆಯಲು ಕಾರಣವುಂಟು. ಮುಳ್ಳಿಲ್ಲದ ಕಳ್ಳಿಯನ್ನು ಒಣಭೂಮಿಯ ಮೇವಾಗಿ ಬೆಳೆಸುವ ಯತ್ನ ನಮ್ಮ ದೇಶದಲ್ಲಿಯೂ ಆರಂಭವಾಗಿದೆ. ಕೇಂದ್ರ ಸರ್ಕಾರದ ಭೂಸಂಪನ್ಮೂಲ ಇಲಾಖೆ ಜಲಾನಯನ ಯೋಜನೆಗಳಲ್ಲಿ ಅದಕ್ಕೆ ಉತ್ತೇಜನ ಕೊಡುತ್ತಿದೆ. ಲಿಂಗಸುಗೂರು, ಮಸ್ಕಿಗಳ ಮಸಾರಿ ಗುಡ್ಡಗಳಿಗೆ ಇದು ಒಪ್ಪುವ ಬೆಳೆಯೆಂದೇ ನಮ್ಮ ಭಾವನೆ. ಆದರೆ ಆ ಗುಡ್ಡಗಳ ಸಂದಿನಲ್ಲಿ ಅರಳೆ ಹೊದ್ದ ಹುಳು ಕಾದು ಕುಳಿತಿದೆ. ಅದು ಸ್ಟ್ರಿಕ್ಟವನ್ನು ಮೆಚ್ಚುವ ಕುಲ ಮಾತ್ರವಾಗಿದ್ದರೆ ಮೇವಿನ ಕಳ್ಳಿಗೆ ಹೆಚ್ಚಿನ ಭಯವಿಲ್ಲ. ಬ್ರೆಜಿಲಿನ ಕುಲದಂತಹುದು ಎಲ್ಲಿಂದಲಾದರೂ ಬಂದು ಸೇರಿದರೆ, ಅಥವಾ ಎರಡು ಕುಲಗಳೂ ಕೂಡಿ ಮಿಶ್ರಸಂತಾನ ಹುಟ್ಟಿದರೆ, ಪೆರ್ನಾಂಬುಕೊದ ಕಥೆ ಇಲ್ಲಿಯೂ ನಡೆದೀತು. ಹುಳುವನ್ನು ಅಡಗಿಸಲೆಂದು ಇತರ ಕೀಟಗಳನ್ನು ತರುವುದಾದರೆ ಹೊಸದೊಂದು ತೊಡಕು: ಅವು ಬೇಲಿಯಾಚೆಯ ಕಳೆಗಳ್ಳಿಯ ಮೇಲಿನ ಹುಳುವನ್ನೂ ತಿಂದು, ನೂರು ವರ್ಷದಿಂದ ಅಡಗಿದ್ದ ಕಳೆಗಳ್ಳಿ ಮತ್ತೆ ತಲೆಯೆತ್ತಲು ದಾರಿಯಾದೀತು.

ಪ್ರಯೋಗವೇನೂ ಕಠಿಣವಲ್ಲ. ನೆಡಬೇಕೆಂದಿರುವ ತಳಿಯ ಒಂದೊಂದು ಹಲಗೆಯನ್ನು ಪರದೆ ಕಟ್ಟಿದ ಪೆಟ್ಟಿಗೆಯಲ್ಲಿಟ್ಟು, ಊರಿನ ಕಳ್ಳಿಯ ಮೇಲಿನ ಮರಿಹುಳುಗಳನ್ನು ಅದರ ಮೇಲೆ ಬಿಟ್ಟು, ಎರಡು ತಿಂಗಳು ಎಣಿಕೆ ಇಡಬೇಕು; ಜೊತೆಗೆ ಊರಿನ ಕಳ್ಳಿಯ ಹಲಗೆಯೊಂದನ್ನೂ ಹೋಲಿಕೆಗಾಗಿ ಇಡಬೇಕು. ಸಂಶೋಧನಾಲಯಗಳಲ್ಲಿ ಆಗಬೇಕಾದ ಕೆಲಸವಿದು. ವಿದ್ಯಾರ್ಥಿಗಳು ಕುತೂಹಲಕ್ಕಾಗಿ ಹುಳುವನ್ನು ಊರಿಂದೂರಿಗೆ ಒಯ್ಯುವುದು ಬೇಡ. ಇರುವಲ್ಲಿಯೇ ನೋಡಬಹುದು: ಯಾವ ಬಗೆಯ ಕಳ್ಳಿಯ ಮೇಲೆ ಅರಳೆಯಿದೆ, ಯಾವುದರ ಮೇಲೆ ಇಲ್ಲ, ಹಲಗೆಯ ಯಾವ ಮಗ್ಗುಲಲ್ಲಿ ಹೆಚ್ಚು ಎಂದು ಬರೆದಿಟ್ಟುಕೊಂಡರೆ ಅದೂ ಉಪಯುಕ್ತವೇ. ಪಕ್ಕದ ಜಿಲ್ಲೆಯಿಂದ ನಾಟಿಗೆಂದು ಹಲಗೆ ತರುವವರು ಒಂದು ಬಿಳಿಯ ಚುಕ್ಕೆ ಕಂಡರೂ ಹೊಸಕಿ ನೋಡುವುದು ಒಳ್ಳೆಯದು.

ಕುರಿಗಾಹಿ ಮುದುಕರಿಗೆ ಮುಳ್ಳಿಲ್ಲದ ಕಳ್ಳಿಯುಂಟೆಂಬುದೇ ನಂಬಲಾಗಲಿಲ್ಲ. "ಮುಳ್ಳಿಲ್ದಂದ್ರ ಬೇಲಿಗೆ ಬೇಲಿ ಹಾಕಬೇಕಾಗ್ತದಲ್ರಿ" ಎಂದರು. ಮಾತು ಸರಿಯೆ, ಮೇವಿನ ಕಳ್ಳಿಯ ಹೊಲವನ್ನು ಬಿಡಾಡಿ ದನಗಳಿಂದ ಕಾಯುವುದೇ ಅದರ ದೊಡ್ಡ ಖರ್ಚು. ಮುಂಗಾರು ಬಿದ್ದು ಒಂದು ತಿಂಗಳ ತರುವಾಯ ಅದೇ ದಾರಿಯಲ್ಲಿ ಹಿಂದಿರುಗುವಾಗ ನಾವು ಆ ಪೊದೆಯ ಬಳಿ ಮತ್ತೆ ಇಳಿದೆವು. ಮಳೆ ಅರಳೆಯನ್ನು ಬಹುಮಟ್ಟಿಗೆ ತೊಳೆದಿತ್ತು. ಹಲಗೆಗಳ ಅಂಚಿನಲ್ಲಿ ಎಳೆಯ ಚಿಗುರು ಹೊರಟಿತ್ತು. ಬಾಗಿ ನೋಡಿದಾಗ, ಮಳೆಹನಿ ತಾಗದ ಕೆಳಮೈಯಲ್ಲಿ ನಾಲ್ಕಾರು ಬಿಳಿಯ ಚುಕ್ಕೆಗಳು ಇನ್ನೂ ಉಳಿದಿದ್ದವು.